ಸರೋವರಗಳ ದಾರಿಗೆ ಎರಡು ದಿನ ಹೆಚ್ಚು ಇಟ್ಟುಕೊಳ್ಳಿ

ಕಾಶ್ಮೀರಿ ಭಾಷೆಯಲ್ಲಿ ‘ಸರ್’ ಎಂದರೆ ಸರೋವರ, ‘ನಾಗ್’ ಎಂದರೆ ನೀರಿನ ಬುಗ್ಗೆ, ‘ಮರ್ಗ್’ ಎಂದರೆ ಹುಲ್ಲುಗಾವಲು. ಈ ಮೂರು ಪದ ಗೊತ್ತಿದ್ದರೆ ಸೋನಾಮರ್ಗ್‌ನಿಂದ ನಾರಾನಾಗ್‌ವರೆಗಿನ ದಾರಿ ಹೆಸರುಗಳಲ್ಲೇ ತಿಳಿದುಬಿಡುತ್ತದೆ. ಹುಲ್ಲುಗಾವಲಿನಲ್ಲಿ ಹೊರಟು, ವಿಷನ್‌ಸರ್, ಕಿಷನ್‌ಸರ್, ಗಡ್‌ಸರ್, ಸತ್‌ಸರ್‌ಗಳ ದಡ ಹಿಡಿದು, ಹರಮುಖ ಪರ್ವತದ ಬುಡದಲ್ಲಿರುವ ಗಂಗಾಬಲ್ ಕಂಡು, ಕೊನೆಗೆ ಬುಗ್ಗೆಯ ಊರಿಗೆ ಇಳಿಯುವ ಹಾದಿ ಇದು. ಉದ್ದ ಸುಮಾರು 70 ಕಿಲೋಮೀಟರ್. ಚಾರಣಿಗರ ಬಾಯಲ್ಲಿ ಇದರ ಹೆಸರು ‘ಕಾಶ್ಮೀರ್ ಗ್ರೇಟ್ ಲೇಕ್ಸ್’.

ಫೋಟೋ ನೋಡಿದವರಿಗೆ ಇದು ಸಲೀಸಾದ ಚಾರಣ ಅನ್ನಿಸುತ್ತದೆ. ಹಸಿರು ಇಳಿಜಾರು, ನೀಲಿ ನೀರು, ದಡದಲ್ಲಿ ಹಳದಿ ಟೆಂಟು. ಫೋಟೋದಲ್ಲಿ ಕಾಣದೆ ಉಳಿಯುವುದು ಎರಡು ಸರೋವರಗಳ ನಡುವಿನ ಘಟ್ಟ. ಇಲ್ಲಿನ ಸರೋವರಗಳೆಲ್ಲ ಹಿಮನದಿಗಳು ಕೊರೆದಿಟ್ಟ ಬಟ್ಟಲುಗಳ ತಳದಲ್ಲಿವೆ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದರ ಅಂಚು ಹತ್ತಿ ಆಚೆ ಇಳಿಯಲೇಬೇಕು. ಹೀಗೆ ಮೂರು ಸಲ, ಪ್ರತಿ ಸಲವೂ 4,000 ಮೀಟರ್‌ನ ಆಸುಪಾಸಿಗೆ. ಬಿಡಿಬಿಡಿಯಾಗಿ ನೋಡಿದರೆ ಅದರಲ್ಲಿ ಯಾವ ಏರೂ ಅಸಾಧ್ಯವಾದುದಲ್ಲ. ಆದರೆ ಅವು ಬಿಡುವು ಕೊಡದೆ ಒಂದರ ಹಿಂದೊಂದು ಬರುತ್ತವೆ, ನಡುವೆ ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ, ಫೋನ್ ಸಿಗ್ನಲ್ ಇಲ್ಲ. ಕಷ್ಟವೆಲ್ಲ ಅಲ್ಲೇ ಇದೆ.

ಹಾಗಾಗಿ ಈ ಚಾರಣಕ್ಕೆ ಹೊರಡುವವರಿಗೆ ನಾನು ಮೊದಲು ಹೇಳುವ ಮಾತು ಬೂಟಿನದ್ದೂ ಅಲ್ಲ, ಬ್ಯಾಗಿನದ್ದೂ ಅಲ್ಲ. ಲೆಕ್ಕಕ್ಕಿಂತ ಎರಡು ದಿನ ಹೆಚ್ಚು ಇಟ್ಟುಕೊಳ್ಳಿ. ಒಂದು ದಿನ ದೇಹಕ್ಕೆ, ಇನ್ನೊಂದು ದಿನ ಹವೆಗೆ.

ದಾರಿ ತೆರೆದಿದೆಯೇ?

2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನ ಬೈಸರನ್‌ನಲ್ಲಿ 26 ಮಂದಿ ಹತ್ಯೆಯಾದ ನೆನಪು ಕನ್ನಡಿಗರಿಗೆ ಮಾಸಿಲ್ಲ. ನಮ್ಮ ರಾಜ್ಯದವರೂ ಅಲ್ಲಿ ಜೀವ ಕಳೆದುಕೊಂಡರು. ಆ ಬಳಿಕ ಜಮ್ಮು ಮತ್ತು ಕಾಶ್ಮೀರದ ಆಡಳಿತ 48 ಪ್ರವಾಸಿ ತಾಣಗಳನ್ನು ಮುಚ್ಚಿತು, ಆಮೇಲೆ ಹಂತಹಂತವಾಗಿ ಕೆಲವನ್ನು ತೆರೆಯಿತು. ಎತ್ತರದ ಚಾರಣದ ದಾರಿಗಳ ವಿಷಯದಲ್ಲಿ ನಿರ್ಧಾರ ಋತುವಿನಿಂದ ಋತುವಿಗೆ ಬದಲಾಗಬಹುದು. ಆದ್ದರಿಂದ ವಿಮಾನದ ಟಿಕೆಟ್ ತೆಗೆಯುವ ಮೊದಲೇ ಆ ವರ್ಷ ಈ ದಾರಿಗೆ ಅನುಮತಿ ಇದೆಯೇ ಎಂದು ಪ್ರವಾಸೋದ್ಯಮ ಇಲಾಖೆಯಿಂದ ಖಚಿತಪಡಿಸಿಕೊಳ್ಳಿ. ಚಾರಣ ಸಂಸ್ಥೆಯವರು ‘ತೆರೆಯುತ್ತದೆ ಬಿಡಿ’ ಎಂದರೆ ಅಷ್ಟಕ್ಕೆ ಮುಂಗಡ ಕಟ್ಟಬೇಡಿ. ತೆರೆಯದಿದ್ದರೆ ಹಣ ಯಾವಾಗ, ಎಷ್ಟು ಮರಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ದಾರಿಯುದ್ದಕ್ಕೂ ಸೇನೆಯ ಠಾಣ್ಯಗಳಿವೆ. ಗಡ್‌ಸರ್ ದಾಟಿದ ಮೇಲೆ ಹಾಗೂ ಸತ್‌ಸರ್‌ನ ಹತ್ತಿರ ಹೆಸರು ಬರೆಸಿಯೇ ಮುಂದೆ ಹೋಗಬೇಕು. ಆಧಾರ್‌ನ ಮೂಲ ಪ್ರತಿ ಜತೆಗಿರಲಿ, ಜೆರಾಕ್ಸ್ ನಾಲ್ಕೈದು ಇರಲಿ, ಎಲ್ಲವೂ ಪ್ಲಾಸ್ಟಿಕ್ ಕವರ್‌ನೊಳಗಿರಲಿ. ಠಾಣ್ಯದ ಫೋಟೋ ತೆಗೆಯಬೇಡಿ. ಫೋನಿನ ವಿಷಯಕ್ಕೆ ಬಂದರೆ, ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಅದೂ ಸೋನಾಮರ್ಗ್‌ವರೆಗೆ. ಆಮೇಲೆ ನಾರಾನಾಗ್‌ಗೆ ಇಳಿಯುವವರೆಗೆ ಮನೆಯವರಿಗೆ ಸುದ್ದಿ ಇರುವುದಿಲ್ಲ. ‘ಇಂಥ ತಾರೀಕಿನವರೆಗೆ ಫೋನ್ ಬರುವುದಿಲ್ಲ, ಗಾಬರಿಯಾಗಬೇಡಿ’ ಎಂದು ಹೊರಡುವಾಗಲೇ ಅಮ್ಮನಿಗೆ ಹೇಳಿ. ಆ ತಾರೀಕಿಗೂ ಎರಡು ದಿನ ಸೇರಿಸಿಯೇ ಹೇಳಿ.

ಬೆಂಗಳೂರಿನಿಂದ ಶ್ರೀನಗರಕ್ಕೆ ವಿಮಾನವೇ ಸುಲಭ. ರೈಲಿನವರಿಗೆ 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ಇದೆ. ಶ್ರೀನಗರದಿಂದ ಸೋನಾಮರ್ಗ್‌ಗೆ ಲೇಹ್ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್, ಎರಡೂವರೆ ಮೂರು ಗಂಟೆ.

ಯಾವ ತಿಂಗಳು?

ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಇಷ್ಟೇ ಕಿಟಕಿ. ನಮಗೆ ಇದು ಮಳೆಗಾಲ, ಆದರೆ ಪೀರ್ ಪಂಜಾಲ್ ಸಾಲು ಮುಂಗಾರನ್ನು ಬಹುಪಾಲು ತಡೆಯುವುದರಿಂದ ಕಾಶ್ಮೀರದ ಈ ಭಾಗದಲ್ಲಿ ಚಾರಣ ಸಾಧ್ಯವಾಗುತ್ತದೆ. ಬಹುಪಾಲು ಎಂಬ ಮಾತನ್ನು ನೆನಪಿಡಿ. ಮುಂಗಾರಿನ ತೇವವೂ ಪಶ್ಚಿಮದಿಂದ ಬರುವ ಗಾಳಿಯೂ ಕೂಡಿದರೆ ಇಲ್ಲಿ ಮಳೆ ದಿನಗಟ್ಟಲೆ ಹಿಡಿಯುತ್ತದೆ. 2014ರ ಸೆಪ್ಟೆಂಬರ್ ಮೊದಲ ವಾರ ಹಾಗೆ ಸುರಿದ ಮಳೆಗೇ ಶ್ರೀನಗರ ಮುಳುಗಿತ್ತು.

ಜುಲೈ ಆರಂಭದಲ್ಲಿ ದಾರಿಯ ಮೊದಲ ಘಟ್ಟವಾದ ನಿಚ್‌ನಾಯ್ ಪಾಸ್‌ನ ಮೇಲೆ ಇನ್ನೂ ಹಿಮ ಉಳಿದಿರುತ್ತದೆ, ತೊರೆಗಳಲ್ಲಿ ನೀರು ರಭಸ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಗಡ್‌ಸರ್ ಕಣಿವೆಯಲ್ಲಿ ಹೂವಿನ ಸುಗ್ಗಿ. ಆಗಸ್ಟ್ ಕೊನೆಗೆ ಹೂ ಮುಗಿದು ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಆಕಾಶ ತಿಳಿಯಾಗುತ್ತದೆ, ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನನ್ನ ಆಯ್ಕೆ ಆಗಸ್ಟ್‌ನ ಕೊನೆಯ ವಾರ. ಹೂವಿಗಾಗಿ ಹೋಗುವವರು ಮಳೆಯನ್ನೂ ಒಪ್ಪಿಕೊಂಡು ಹೋಗಬೇಕು.

ಮೊದಲ ರಾತ್ರಿಯ ಲೆಕ್ಕ

ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಶ್ರೀನಗರ ಸುಮಾರು 1,600, ಸೋನಾಮರ್ಗ್ 2,700 ದಾಟುತ್ತದೆ. ಅಲ್ಲಿಂದ ಮೊದಲ ದಿನದ ನಡಿಗೆ ಮುಗಿಸಿ ಮಲಗುವ ನಿಚ್‌ನಾಯ್ ಸುಮಾರು 3,500 ಮೀಟರ್. ಪರ್ವತ ವೈದ್ಯರು ಹೇಳುವ ಸಾಮಾನ್ಯ ನಿಯಮ ಒಂದಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು. ಸೋನಾಮರ್ಗ್‌ನಿಂದ ನಿಚ್‌ನಾಯ್‌ಗೆ ಆಗುವ ಜಿಗಿತ ಏಳುನೂರಕ್ಕೂ ಹೆಚ್ಚು. ಬಹಳ ಸಂಸ್ಥೆಗಳ ವೇಳಾಪಟ್ಟಿಯಲ್ಲಿ ಶ್ರೀನಗರಕ್ಕೆ ವಿಮಾನ ಇಳಿದ ದಿನವೇ ಸೋನಾಮರ್ಗ್, ಮರುದಿನವೇ ನಿಚ್‌ನಾಯ್. ಬೆಂಗಳೂರಿನ ಕುರ್ಚಿಯಿಂದ ಎದ್ದು ಮೂರನೆಯ ರಾತ್ರಿಗೂ ಮೊದಲೇ 3,500 ಮೀಟರ್‌ನಲ್ಲಿ ಮಲಗುವುದು ಅವಸರ. ನಾನು ಹೇಳುವ ಮೊದಲ ಹೆಚ್ಚುವರಿ ದಿನ ಇಲ್ಲಿಗೆ ಬೇಕು. ಸೋನಾಮರ್ಗ್‌ನಲ್ಲಿ ಎರಡು ರಾತ್ರಿ ಇರಿ. ನಡುವಿನ ಹಗಲು ಸುಮ್ಮನೆ ಮಲಗದೆ ತಾಜಿವಾಸ್ ಹಿಮನದಿಯ ಕಡೆ ಕುದುರೆ ಏರದೆ ನಡೆದುಹೋಗಿ ಬನ್ನಿ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿಗೆ ಬಂದು ಮಲಗಿದರೆ ದೇಹ ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಳ್ಳಲು ಕಲಿಯುತ್ತದೆ.

ನಾವು ಹೋದಾಗ ತಂಡದಲ್ಲಿದ್ದ ಒಬ್ಬರು ಮೊದಲ ರಾತ್ರಿ ತಲೆನೋವನ್ನು ಮುಚ್ಚಿಟ್ಟರು. ಹೇಳಿದರೆ ವಾಪಸ್ ಕಳಿಸಿಬಿಡುತ್ತಾರೆ ಎಂಬ ಭಯ. ವರ್ಷದ ರಜೆಯನ್ನೆಲ್ಲ ಇದಕ್ಕೇ ಕೂಡಿಟ್ಟುಕೊಂಡು ಬಂದವರು. ಬೆಳಗಿನ ಜಾವಕ್ಕೆ ವಾಂತಿ ಶುರುವಾಯಿತು, ಚಹಾ ಕೂಡ ಉಳಿಯಲಿಲ್ಲ. ಮಾರ್ಗದರ್ಶಿ ಎರಡನೇ ಮಾತಿಲ್ಲದೆ ಕುದುರೆಯ ಮೇಲೆ ಕೂರಿಸಿ ಇಳಿಸಿದ. ಸೋನಾಮರ್ಗ್ ತಲುಪಿದ ಸಂಜೆ ಅವರು ಹೊಟ್ಟೆತುಂಬ ಊಟ ಮಾಡಿದರಂತೆ. ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರಾತ್ರಿಯೇ ಹೇಳಿದ್ದರೆ ನೀರು ಕುಡಿದು, ವಿಶ್ರಾಂತಿ ಪಡೆದು, ಒಂದು ದಿನ ತಡೆದು ಮುಂದುವರಿಯುವ ಅವಕಾಶವಾದರೂ ಇತ್ತು.

ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಇವೆಲ್ಲ ಮೊದಲ ಲಕ್ಷಣಗಳು. ಅವು ಇರುವಾಗ ಮೇಲೇರಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿನಲ್ಲಿ ನೊರೆ ಅಥವಾ ನಸುಗೆಂಪು ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಕುಡಿದವರ ಹಾಗೆ ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಗೊಂದಲ ಕಂಡರೆ ಮಿದುಳು ಊದಿಕೊಳ್ಳುತ್ತಿದೆ. ಈ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯಾದರೂ ಇಳಿಸಬೇಕು. ನೆಲದ ಮೇಲೆ ನೇರ ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಸಿ ನೋಡುವುದು ಮಿದುಳಿನ ಊತಕ್ಕೆ ಸುಲಭವಾದ ಪರೀಕ್ಷೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಅಂಕಿ ಚೆನ್ನಾಗಿದೆ ಎಂದು ಲಕ್ಷಣಗಳನ್ನು ತಳ್ಳಿಹಾಕಬೇಡಿ. ತಣ್ಣಗಾದ ಬೆರಳಲ್ಲಿ ಆ ಅಂಕಿ ತಪ್ಪಬಹುದು.

ಅಸೆಟಝೋಲಮೈಡ್ ಮಾತ್ರೆ, ಅಂದರೆ ಡಯಾಮಾಕ್ಸ್, ಹೊಂದಿಕೊಳ್ಳಲು ನೆರವಾಗುತ್ತದೆ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದವರಿಗೆ ಹೊಂದದಿರಬಹುದು, ಮೂತ್ರ ಹೆಚ್ಚುತ್ತದೆ, ಬೆರಳು ಜುಮುಗುಡುತ್ತದೆ. ಸ್ನೇಹಿತರು ಹೇಳಿದರೆಂದು ನುಂಗದೆ ನಿಮ್ಮ ವೈದ್ಯರನ್ನು ಕೇಳಿ. ಬಿಪಿ, ಆಸ್ತಮಾ, ಹೃದಯದ ತೊಂದರೆ ಇದ್ದವರು ಕೇಳದೆ ಹೊರಡಲೇಬಾರದು.

ಕಾಲು ತಯಾರಾಗುವುದು ಊರಲ್ಲೇ

ಎತ್ತರಕ್ಕೆ ಹೊಂದಿಕೊಳ್ಳುವ ಅಭ್ಯಾಸ ಕರ್ನಾಟಕದಲ್ಲಿ ಸಾಧ್ಯವಿಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಆದರೆ ಕಾಲನ್ನು ಹದಗೊಳಿಸಲು ಕುಮಾರಪರ್ವತಕ್ಕಿಂತ ಒಳ್ಳೆಯ ಗುರು ಬೇಕಿಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ನೆತ್ತಿಗೆ ಸುಮಾರು 1,600 ಮೀಟರ್ ಏರು. ಸರೋವರಗಳ ದಾರಿಯಲ್ಲಿ ಯಾವ ಒಂದು ದಿನವೂ ಇಷ್ಟು ಏರುವುದಿಲ್ಲ. ಬೆನ್ನಿಗೆ ಹತ್ತು ಕೆ.ಜಿ. ಹೊತ್ತು ಅದನ್ನು ಹತ್ತಿ ಇಳಿದು, ಮರುದಿನ ಎದ್ದು ಮತ್ತೆ ಐದಾರು ಕಿಲೋಮೀಟರ್ ನಡೆಯಲಾದರೆ ನೀವು ಸಿದ್ಧ. ಮುಖ್ಯವಾದದ್ದು ಆ ಮರುದಿನ. ಒಂದು ದಿನದ ಶೂರರು ಬಹಳ ಜನ ಇದ್ದಾರೆ, ಮೂರನೆಯ ಬೆಳಿಗ್ಗೆ ಗಡ್‌ಸರ್ ಪಾಸ್‌ನ ಎದುರು ನಿಂತಾಗ ಬೇಕಾಗುವುದು ದಣಿದ ಮೇಲೂ ನಡೆಯುವ ಕಾಲು.

ಒಂದು ತೊಡಕಿದೆ. ಕುಮಾರಪರ್ವತದ ದಾರಿ ಮಳೆಗಾಲದಲ್ಲಿ ಮುಚ್ಚಿರುತ್ತದೆ, ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೂ ಮುಚ್ಚುತ್ತಾರೆ, ತೆರೆದಾಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಆಗಸ್ಟ್‌ನ ಚಾರಣಕ್ಕೆ ಈ ಪರೀಕ್ಷೆಯನ್ನು ಚಳಿಗಾಲದಲ್ಲೇ ಮುಗಿಸಿಕೊಳ್ಳಿ. ಮೇ, ಜೂನ್, ಜುಲೈ ತಿಂಗಳಲ್ಲಿ ಮೆಟ್ಟಿಲೇ ಗತಿ. ಅಪಾರ್ಟ್‌ಮೆಂಟ್‌ನ ಮೆಟ್ಟಿಲಿರಲಿ, ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿರಲಿ, ವಾರಕ್ಕೆ ಮೂರು ದಿನ ಭಾರ ಹೊತ್ತು ಹತ್ತಿ. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ. ಈ ಚಾರಣದಲ್ಲಿ ಮೊಣಕಾಲನ್ನು ಮುರಿಯುವುದು ಏರಲ್ಲ, ಕೊನೆಯ ದಿನದ ಇಳಿಜಾರು.

ಬ್ಯಾಗಿನಲ್ಲಿ ಏನು?

ಟೆಂಟು, ಅಡುಗೆ ಸಾಮಾನು ಹೊರಲು ಕುದುರೆಗಳಿದ್ದರೆ ನಿಮ್ಮ ಬೆನ್ನಿನ ಭಾರ ಒಂಬತ್ತು ಹತ್ತು ಕೆ.ಜಿ.ಯಲ್ಲಿ ನಿಲ್ಲಬೇಕು. ಎಲ್ಲವನ್ನೂ ತಾವೇ ಹೊರುವವರಿಗೆ ಅದು ಹದಿನಾರು ಹದಿನೇಳಕ್ಕೆ ಹೋಗುತ್ತದೆ. ಹಿಮಾಲಯಕ್ಕೆ ಮೊದಲ ಸಲ ಹೋಗುವವರು ಹಾಗೆ ಹೊರಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಯಾರೂ ಹೋಗಬಾರದು. ಮಂಜು ಕವಿದಾಗ ಸತ್‌ಸರ್‌ನ ಬಂಡೆಗಳ ನಡುವೆ ಮೊಬೈಲಿನ ನಕ್ಷೆಗಿಂತ ಅಲ್ಲೇ ಕುರಿ ಮೇಯಿಸಿ ಬೆಳೆದವನ ಕಣ್ಣು ಹೆಚ್ಚು ನಂಬಿಕೆಗೆ ಯೋಗ್ಯ.

ಹತ್ತಿ ಬಟ್ಟೆ ಬೇಡ, ಜೀನ್ಸ್ ಬೇಡವೇ ಬೇಡ. ಒದ್ದೆಯಾದ ಹತ್ತಿ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಅಂಗಿ, ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ರಾತ್ರಿಗೆ ಒಂದು ತುಂಬು ಜಾಕೆಟ್. ಬ್ಯಾಗಿಗೆ ಮಳೆಕವಚ ಹಾಕಿದರೆ ಸಾಲದು. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮಲಗುವ ಚೀಲವನ್ನೂ ಒಂದು ಜೊತೆ ಒಣ ಬಟ್ಟೆಯನ್ನೂ ಬೇರೆಯಾಗಿ ಕಟ್ಟಿಡಿ. ಆ ಜೊತೆಯನ್ನು ಟೆಂಟಿನೊಳಗೆ ಮಾತ್ರ ತೊಡಿ. ಬೆಳಿಗ್ಗೆ ಒದ್ದೆ ಬಟ್ಟೆಗೇ ಮೈ ಒಡ್ಡುವುದು ಹಿಂಸೆ, ಆದರೆ ಹತ್ತು ನಿಮಿಷ ನಡೆದರೆ ಬಿಸಿಯಾಗುತ್ತದೆ. ಹೊಸ ಬೂಟು ಹಾಕಿಕೊಂಡು ಹೋಗಬೇಡಿ. ಊರಲ್ಲೇ ಐವತ್ತು ಕಿಲೋಮೀಟರ್ ನಡೆದ ಬೂಟೇ ಸರಿ. ಜುಲೈಯಲ್ಲಿ ಹಿಮದ ಮೇಲೆ ಬಿಸಿಲಿನ ಝಳಕ್ಕೆ ಕಣ್ಣು ಉರಿಯುತ್ತದೆ, ಕಪ್ಪು ಕನ್ನಡಕ ಅಲಂಕಾರಕ್ಕಲ್ಲ. ಪವರ್ ಬ್ಯಾಂಕನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದೇ ಇಲ್ಲ, ಶ್ರೀನಗರದಲ್ಲಿ ಕೊಳ್ಳಬೇಕು.

ಊಟದ ವಿಷಯದಲ್ಲಿ ನಮ್ಮ ಅಜ್ಜಿಯರ ಬುತ್ತಿ ಯಾವ ಪ್ಯಾಕೆಟ್‌ಗೂ ಸೋಲುವುದಿಲ್ಲ. 3,700 ಮೀಟರ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಬೇಳೆ ಬೇಯುವುದಿಲ್ಲ, ಅನ್ನ ಅರೆಬರೆ, ಗ್ಯಾಸ್ ಮಾತ್ರ ಖಾಲಿ. ಕುಕ್ಕರ್ ಹೊರಲಾಗದವರಿಗೆ ಬೇಯಿಸುವ ಗೊಡವೆ ಇಲ್ಲದ ಆಹಾರವೇ ದಾರಿ. ಗೊಜ್ಜವಲಕ್ಕಿಗೆ ಬಿಸಿನೀರು ಸಾಕು. ಹುರಿಹಿಟ್ಟಿಗೆ ತಣ್ಣೀರೂ ಸಾಕು. ಬಿಜಾಪುರ, ಧಾರವಾಡದ ಕಡೆಯ ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ. ಮುರಿದರೆ ಮುರಿಯಲಿ, ಶೇಂಗಾ ಚಟ್ನಿಪುಡಿ ಜತೆ ಚೂರೂ ಅಷ್ಟೇ ರುಚಿ. ನಡೆಯುವಾಗ ಜೇಬಿನಲ್ಲಿ ಚಿಕ್ಕಿ, ಬೆಲ್ಲ, ಒಣದ್ರಾಕ್ಷಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಹಸಿವಾಗಲಿ ಎಂದು ಕಾಯದೆ ಗಂಟೆಗೊಮ್ಮೆ ತಿನ್ನಿ. ದಿನಕ್ಕೆ ಮೂರು ನಾಲ್ಕು ಲೀಟರ್ ನೀರು. ಕುರಿ, ಕುದುರೆ ಮೇಯುವ ಜಾಗದ ತೊರೆ ಎಷ್ಟೇ ತಿಳಿಯಾಗಿ ಕಂಡರೂ ಶುದ್ಧೀಕರಿಸಿಯೇ ಕುಡಿಯಿರಿ. ಕುರಿಗಾಹಿ ಬಕರ್ವಾಲರ ಗುಡಿಸಲಲ್ಲಿ ನಸುಗೆಂಪು ಉಪ್ಪಿನ ಚಹಾ, ನೂನ್ ಚಾಯ್, ಸಿಕ್ಕರೆ ಬೇಡವೆನ್ನಬೇಡಿ. ಬೆವರಿದ ಮೈ ಆ ಉಪ್ಪನ್ನು ಕೇಳುತ್ತಿರುತ್ತದೆ.

ನಡಿಗೆ

ಸೋನಾಮರ್ಗ್‌ನ ಪಕ್ಕದ ಶಿಟ್ಕಡಿಯಿಂದ ದಾರಿ ಮೊದಲ ಹೆಜ್ಜೆಗೇ ಏರತೊಡಗುತ್ತದೆ. ಕೆಳಗೆ ಸಿಂಧ್ ನದಿಯ ಕಣಿವೆ. ಇದು ಲಡಾಖ್‌ನಿಂದ ಹರಿಯುವ ಸಿಂಧೂ ನದಿಯಲ್ಲ, ಝೇಲಂ ಸೇರುವ ಬೇರೊಂದು ಹೊಳೆ. ಪೈನ್ ಕಾಡು ಮುಗಿದ ಮೇಲೆ ಭೂರ್ಜ ಮರಗಳ ತೋಪು ಬರುತ್ತದೆ. ಹಿಂದೆ ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆಯುತ್ತಿದ್ದದ್ದು ಈ ಮರದ ತೊಗಟೆಯ ಮೇಲೆಯೇ. ಬಿಳಿ ತೊಗಟೆ ಪದರ ಪದರವಾಗಿ ಎದ್ದಿರುತ್ತದೆ, ಮುಟ್ಟಿ ನೋಡಿ, ಕೀಳಬೇಡಿ. ಇಲ್ಲಿಗೆ ಮರಗಳು ಮುಗಿಯುತ್ತವೆ. ಮುಂದೆ ಕೊನೆಯ ದಿನದ ಇಳಿತದವರೆಗೆ ನೆರಳಿಲ್ಲ.

ಎರಡನೆಯ ದಿನ ನಿಚ್‌ನಾಯ್ ಪಾಸ್. ಏರು ದೀರ್ಘವಾದರೂ ಸೌಮ್ಯ, ಆಚೆ ಇಳಿಜಾರು ಉದ್ದ. ಸಂಜೆಗೆ ವಿಷನ್‌ಸರ್, 3,700 ಮೀಟರ್. ಇಲ್ಲಿಂದ ಹೊರಡುವ ನೀರೇ ಕಿಷನ್‌ಗಂಗಾ ನದಿಯಾಗಿ ಗುರೇಜ್ ಕಣಿವೆ ದಾಟಿ, ಗಡಿಯಾಚೆ ನೀಲಂ ಎಂಬ ಹೆಸರು ಪಡೆಯುತ್ತದೆ. ನೀರಲ್ಲಿ ಕಂದು ಟ್ರೌಟ್ ಮೀನು. ಇಲ್ಲಿನ ಮೂಲದ್ದಲ್ಲ, ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ಎರಡನೆಯ ಹೆಚ್ಚುವರಿ ದಿನವನ್ನು ನಾನು ಇಡುವುದು ಇಲ್ಲಿ, ವಿಷನ್‌ಸರ್ ದಡದಲ್ಲಿ. ಕಾರಣ ಮುಂದಿದೆ: ಗಡ್‌ಸರ್ ಪಾಸ್. ಸುಮಾರು 4,200 ಮೀಟರ್, ಇಡೀ ದಾರಿಯಲ್ಲೇ ಎತ್ತರದ ಜಾಗ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ ಅರವತ್ತರಷ್ಟು ಮಾತ್ರ. ಅದನ್ನು ದಾಟುವ ಮೊದಲು ಆಪತ್ತು ಬಂದರೆ ಬಂದ ದಾರಿಯಲ್ಲೇ, ನಿಚ್‌ನಾಯ್ ಪಾಸ್ ಒಂದನ್ನೇ ಮತ್ತೆ ದಾಟಿ, ಸೋನಾಮರ್ಗ್‌ಗೆ ಮರಳಬಹುದು. ದಾಟಿದ ಮೇಲೆ ಹಿಂದಕ್ಕೆ ಬರಲು ಎರಡು ಪಾಸ್ ಹತ್ತಬೇಕು, ಮುಂದಕ್ಕೆ ಹೋದರೂ ಒಂದು ಪಾಸ್ ಹತ್ತದೆ ಕೆಳಗಿಳಿಯುವ ಸುಲಭದ ಹಾದಿ ಇಲ್ಲ. ಮಳೆ ಹಿಡಿದಿದ್ದರೆ, ತಂಡದಲ್ಲಿ ಒಬ್ಬರಿಗಾದರೂ ತಲೆನೋವು ಇಳಿಯದಿದ್ದರೆ, ಇಲ್ಲೇ ಒಂದು ದಿನ ಕೂರಬೇಕು. ಹವೆ ಚೆನ್ನಾಗಿದ್ದರೆ ಆ ದಿನ ಕಿಷನ್‌ಸರ್‌ಗೆ ಹೋಗಿಬನ್ನಿ, ಇನ್ನೂರು ಮೀಟರ್‌ನ ಒಳಗಿನ ಏರು. ನಾವು ಹೋದಾಗ ಆ ಹೆಚ್ಚುವರಿ ದಿನ ಮಧ್ಯಾಹ್ನವೆಲ್ಲ ದಡದಲ್ಲಿ ಕೂತಿದ್ದೆವು. ಮೋಡ ಸರಿದಂತೆ ನೀರು ಹಸಿರಿನಿಂದ ನೀಲಿಗೆ, ನೀಲಿಯಿಂದ ಉಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು. ಇಡೀ ಚಾರಣದಲ್ಲಿ ಸರೋವರವನ್ನು ನಿಜವಾಗಿ ನೋಡಿದ್ದು ಆ ಒಂದು ದಿನ ಎಂದು ಈಗಲೂ ಅನ್ನಿಸುತ್ತದೆ. ಉಳಿದ ದಿನಗಳಲ್ಲಿ ದಣಿದು ಬಂದು ಟೆಂಟಿನೊಳಗೆ ಬೀಳುವಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು.

ಗಡ್‌ಸರ್ ಪಾಸ್‌ಗೆ ಬೆಳಿಗ್ಗೆ ಆರಕ್ಕೆ ಹೊರಡಿ. ಮಧ್ಯಾಹ್ನದ ಮೇಲೆ ಗಾಳಿ, ಮೋಡ, ಗುಡುಗು ಸಾಮಾನ್ಯ, ನೆತ್ತಿಯ ಮೇಲೆ ಸಿಡಿಲಿಗೆ ಅಡಗುವ ಜಾಗವಿಲ್ಲ. ಕಿರಿದಾದ ಕಾಲುದಾರಿಯಲ್ಲಿ ಕುದುರೆ ಬಂದರೆ ಯಾವಾಗಲೂ ಗುಡ್ಡದ ಬದಿಗೆ ಸರಿದು ನಿಲ್ಲಿ, ಪ್ರಪಾತದ ಬದಿಗಲ್ಲ. ಮೂಗಿನಲ್ಲಿ ಉಸಿರಾಡುತ್ತ, ಮಾತಾಡಲು ಆಗುವಷ್ಟೇ ವೇಗದಲ್ಲಿ ನಡೆಯಿರಿ. ನೆತ್ತಿಯಿಂದ ಹಿಂದಿರುಗಿ ನೋಡಿದರೆ ವಿಷನ್‌ಸರ್, ಕಿಷನ್‌ಸರ್ ಎರಡೂ ಒಂದರ ಮೇಲೊಂದು ಇಟ್ಟ ತಟ್ಟೆಗಳಂತೆ ಕಾಣುತ್ತವೆ. ಆಚೆ ಬದಿಯ ಇಳಿಜಾರಿನಲ್ಲಿ ಸಡಿಲ ಕಲ್ಲು, ಆಮೇಲೆ ಹೂವಿನ ಹಾಸು, ಅದರ ಕೊನೆಗೆ ಗಡ್‌ಸರ್. ‘ಗಾಡ್’ ಎಂದರೆ ಕಾಶ್ಮೀರಿಯಲ್ಲಿ ಮೀನು. ಇದನ್ನೇ ಯಮಸರ್ ಎಂದೂ ಕರೆಯುತ್ತಾರೆ.

ತೊರೆ ದಾಟುವ ಕೆಲಸ ಬೆಳಿಗ್ಗೆಯೇ ಆಗಲಿ. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ. ದಾಟುವಾಗ ಬ್ಯಾಗಿನ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗು ಕಳಚಿ ಹೋಗಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲೂರಿ, ಒಂದೊಂದೇ ಹೆಜ್ಜೆ ಅಡ್ಡಕ್ಕೆ ಸರಿಯಿರಿ. ತೊರೆಯ ಮೇಲೆ ಕಟ್ಟಿಕೊಂಡ ಹಿಮದ ಸೇತುವೆ ಋತು ಕಳೆದಂತೆ ಒಳಗಿನಿಂದ ಟೊಳ್ಳಾಗಿರುತ್ತದೆ, ಮಾರ್ಗದರ್ಶಿ ಕಾಲಿಡದ ಕಡೆ ನೀವೂ ಇಡಬೇಡಿ.

ಸತ್‌ಸರ್ ಎಂದರೆ ಏಳು ಸರೋವರ. ಬೇಸಗೆಯ ಕೊನೆಗೆ ಕೆಲವು ಬತ್ತಿ ಎಣಿಕೆ ತಪ್ಪುತ್ತದೆ. ಈ ದಿನದ ನಡಿಗೆ ಹಗುರ. ಈ ಹುಲ್ಲುಗಾವಲುಗಳು ಗುಜ್ಜರ್, ಬಕರ್ವಾಲರ ಬೇಸಗೆಯ ಮನೆ. ಜಮ್ಮುವಿನ ತಗ್ಗು ಗುಡ್ಡಗಳಿಂದ ಕುರಿ, ಆಡು, ಕುದುರೆ ಹೊಡೆದುಕೊಂಡು ವಾರಗಟ್ಟಲೆ ನಡೆದು ಬರುತ್ತಾರೆ, ಚಳಿಗೆ ಮೊದಲು ಮರಳುತ್ತಾರೆ. ಅವರ ಕಾವಲುನಾಯಿಗಳು ತೋಳ, ಕರಡಿಯನ್ನು ಎದುರಿಸುವಂಥವು. ಮಂದೆಯ ನಡುವೆ ನುಗ್ಗಬೇಡಿ, ದೂರದಿಂದಲೇ ಕೂಗಿ ಕರೆದು, ಅವರು ನಾಯಿ ಹಿಡಿದ ಮೇಲೆ ಹೋಗಿ. ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ.

ಮರುದಿನ ಬಂಡೆಗಳ ರಾಶಿಯ ಮೇಲೆ ಹೆಜ್ಜೆ ಆಯ್ದು ನಡೆದು ಝಝ್ ಪಾಸ್ ಹತ್ತಬೇಕು. ನೆತ್ತಿಯ ಮೇಲೆ ನಿಂತರೆ 5,142 ಮೀಟರ್‌ನ ಹರಮುಖ ಎದುರಿಗೇ, ಅದರ ಬುಡದಲ್ಲಿ ಗಂಗಾಬಲ್, ನುಂದ್‌ಕೋಲ್ ಜೋಡಿ ಸರೋವರಗಳು. 1856ರಲ್ಲಿ ಸರ್ವೇ ಅಧಿಕಾರಿ ಥಾಮಸ್ ಮಾಂಟ್ಗೊಮೆರಿ ಹರಮುಖದ ಮೇಲಿನಿಂದಲೇ ಇನ್ನೂರು ಕಿಲೋಮೀಟರ್ ಆಚೆಯ ಕಾರಕೋರಂ ಶಿಖರಗಳನ್ನು ಗುರುತಿಸಿ ಕೆ1, ಕೆ2 ಎಂದು ಬರೆದುಕೊಂಡ. ಜಗತ್ತಿನ ಎರಡನೆಯ ಎತ್ತರದ ಶಿಖರಕ್ಕೆ ಇಂದಿಗೂ ಅದೇ ಹೆಸರು. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ತಮ್ಮ ಗಂಗೆ, ಸತ್ತವರ ಅಸ್ಥಿ ಬಿಡುವ ತೀರ್ಥ. ಭಾದ್ರಪದ ಶುಕ್ಲ ಅಷ್ಟಮಿಗೆ ಇಲ್ಲಿಗೆ ಯಾತ್ರೆ ಬರುತ್ತಾರೆ. ನಿಂತುಹೋಗಿದ್ದ ಆ ಯಾತ್ರೆ 2009ರಲ್ಲಿ ಮತ್ತೆ ಆರಂಭವಾಯಿತು. ಈ ನೀರಿಗೆ ಸೋಪು, ಶಾಂಪೂ ತಾಗಿಸಬಾರದು ಎನ್ನಲು ಬೇರೆ ಕಾರಣ ಬೇಕೇ? ಪಾತ್ರೆ ತೊಳೆಯುವುದಿರಲಿ, ಬಹಿರ್ದೆಸೆಯಿರಲಿ, ದಡದಿಂದ ಕನಿಷ್ಠ ಅರವತ್ತು ಎಪ್ಪತ್ತು ಹೆಜ್ಜೆ ದೂರ, ಗೇಣುದ್ದ ಗುಂಡಿ ತೋಡಿ, ಮಣ್ಣು ಮುಚ್ಚಿ. ಒರೆಸಿದ ಟಿಶ್ಯೂ, ಪ್ಯಾಡ್, ಚಾಕೊಲೇಟ್ ಕವರ್ ಎಲ್ಲವೂ ನಿಮ್ಮ ಬ್ಯಾಗಿನಲ್ಲೇ ಕೆಳಗಿಳಿಯಲಿ.

ಕೊನೆಯ ದಿನ ಗಂಗಾಬಲ್‌ನಿಂದ ನಾರಾನಾಗ್‌ಗೆ ಸುಮಾರು 1,300 ಮೀಟರ್ ಇಳಿತ, ಬಹುಪಾಲು ಕಾಡಿನೊಳಗೆ ಕಡಿದಾಗಿ. ಹಿಂದಿನ ರಾತ್ರಿಯೇ ಕಾಲುಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಬೂಟಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಬೂಟಿನ ದಾರವನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಕೋಲನ್ನು ಉದ್ದ ಮಾಡಿ, ಸಣ್ಣ ಹೆಜ್ಜೆ ಹಾಕಿ. ಓಡಿ ಇಳಿಯುವವರನ್ನು ನೋಡಿ ಓಡಬೇಡಿ. ಕೆಳಗೆ ಹೊಳೆಯ ಪಕ್ಕ ಎಂಟನೆಯ ಶತಮಾನದ ಶಿವಾಲಯಗಳ ಅವಶೇಷಗಳಿವೆ, ಲಲಿತಾದಿತ್ಯನ ಕಾಲದವು ಎನ್ನುತ್ತಾರೆ. ನಾರಾನಾಗ್‌ನ ಆ ಬುಗ್ಗೆಯ ನೀರು ತುಂಬಿದ ಕಲ್ಲಿನ ಕೊಳವೂ ಅಲ್ಲೇ ಇದೆ. ಅಲ್ಲಿ ಅರ್ಧ ಗಂಟೆಯಾದರೂ ಕೂರಿ, ಕಂಗನ್ ಮೇಲಾಗಿ ಶ್ರೀನಗರಕ್ಕೆ ಗಾಡಿ ಸಿಗುತ್ತದೆ.

ಸಂಸ್ಥೆಯೊಂದಿಗೆ ಹೋಗುವುದಾದರೆ ಹಣ ಕಟ್ಟುವ ಮೊದಲು ಕೇಳಿ: ಸೋನಾಮರ್ಗ್‌ನಲ್ಲಿ ಎಷ್ಟು ರಾತ್ರಿ? ಹವೆ ಕೆಟ್ಟರೆ ತಡೆಯಲು ದಿನ ಇದೆಯೇ? ಆಮ್ಲಜನಕದ ಸಿಲಿಂಡರ್ ಇದೆಯೇ? ಪ್ರಥಮ ಚಿಕಿತ್ಸೆ ಕಲಿತವರು ಯಾರು? ಅಸ್ವಸ್ಥರನ್ನು ಇಳಿಸಲು ಕುದುರೆ ಬಿಡುವಾಗಿರುತ್ತದೆಯೇ? ಕುದುರೆಯವರಿಗೆ, ಅಡುಗೆಯವರಿಗೆ ಟೆಂಟು, ಹೊದಿಕೆ ಸರಿಯಾಗಿ ಕೊಡುತ್ತೀರಾ? ನೇರ ಉತ್ತರ ಬಾರದಿದ್ದರೆ ಬೇರೆಯವರನ್ನು ನೋಡಿ. ಹಾಗೆಯೇ ಮರಳುವ ವಿಮಾನದ ಟಿಕೆಟನ್ನು ನಾರಾನಾಗ್ ತಲುಪುವ ಮರುದಿನಕ್ಕೆ ತೆಗೆಯಬೇಡಿ. ಟಿಕೆಟ್ ಹತ್ತಿರವಿದ್ದರೆ ಮಳೆಯಲ್ಲೂ ಗಡ್‌ಸರ್ ಪಾಸ್ ಹತ್ತುವ ಮನಸ್ಸಾಗುತ್ತದೆ.